ನಮ್ಮ ಪಿಕಪ್ಪಿನ ಫ್ಯಾನ್ ಏಕೆ ಅಷ್ಟು ಕೂಗುತ್ತಿತ್ತು?

ಬೈಲಹೊಂಗಲದ ನಮ್ಮ ಓಣಿಯನ್ನು ಕಳೆದ ಒಂದು ವರ್ಷ ಎಬ್ಬಿಸಿದ್ದು ನಮ್ಮ ಅಬ್ಬಾನ ಡೀಸೆಲ್ ಪಿಕಪ್. ಬೆಳಗಿನ ನಾಲ್ಕೂವರೆಗೆ ತರಕಾರಿ ತುಂಬಿಕೊಂಡು ಬೆಳಗಾವಿಗೆ ಹೊರಡಬೇಕು. ಗಾಡಿ ಚಾಲೂ ಆಗಿ, ಓಣಿಯಿಂದ ಹೊರಬೀಳಲು ಅಬ್ಬಾ ಆಕ್ಸಿಲರೇಟರ್ ಒತ್ತಿದರೆ ಸಾಕು, ವಿಮಾನ ಏರುವ ಹಾಗೆ 'ಹೂಂ...' ಎಂಬ ಸದ್ದು. ಪಕ್ಕದ ಮನೆಯ ಕಾಕಾ ಹೃದಯದ ಆಪರೇಷನ್ ಆಗಿ ಮಲಗಿದ್ದವರು. ಅವರು ಒಂದು ದಿನವೂ ಜಗಳ ಆಡಲಿಲ್ಲ. "ಗಾಡಿ ಬಾಳ ಒದರಾಕತ್ತೈತಲ್ಲೋ ತಮ್ಮಾ" ಎಂದು ಒಮ್ಮೆ ಅಬ್ಬಾನಿಗೆ ಹೇಳಿದರು, ಅಷ್ಟೇ. ಆ ಒಂದು ಮಾತಿಗೆ ಅಬ್ಬಾ ಇಡೀ ದಿನ ಸಪ್ಪಗಿದ್ದರು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ರಾತ್ರಿ ಊಟಕ್ಕೆ ಕೂತಾಗ ಅಬ್ಬಾ ಎರಡೆರಡು ಸಲ "ಏನಂದಿ?" ಎಂದು ಕೇಳತೊಡಗಿದ್ದರು. ಕಿವಿಯಲ್ಲಿ ಗುಂಯ್ ಅನ್ನುತ್ತದೆ ಎಂದರು. ದಿನಕ್ಕೆ ಎಂಟು ಹತ್ತು ತಾಸು ಆ ಕ್ಯಾಬಿನ್ನಿನಲ್ಲಿ ಕೂರುವವರು ಅವರು.

ಸದ್ದು ನಿಲ್ಲಿಸಲು ಒಬ್ಬರು ಕೊಟ್ಟ ಸಲಹೆ ಸರಳವಾಗಿತ್ತು: "ಫ್ಯಾನ್ ತಗದ ಒಗೀರಿ ಸಾಹೇಬ್ರ, ಸದ್ದ ತಾನ ಹೋಗತೈತಿ." ಇನ್ನೊಬ್ಬರು, "ಎರಡ ಬ್ಲೇಡ್ ಕತ್ತರಿಸಿದ್ರ ಸಾಕು" ಎಂದರು. ಅಬ್ಬಾ ಹೆಚ್ಚುಕಡಿಮೆ ಒಪ್ಪಿಯೇಬಿಟ್ಟಿದ್ದರು. ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ನಾನು, "ಒಂದು ವಾರ ತಡೀರಿ, ನಮ್ಮ ಸರ್‌ಗೆ ಕೇಳ್ತೀನಿ" ಎಂದೆ. ಆ ವಾರದಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಪಿಕಪ್, ಟ್ರ್ಯಾಕ್ಟರ್, ಟೆಂಪೊ ನಡೆಸುವವರ ಮಕ್ಕಳು ಬಹಳ ಜನ ಇದ್ದೀರಿ. ನಿಮ್ಮ ಮನೆಗೂ ಇದು ಉಪಯೋಗಕ್ಕೆ ಬಂದೀತು.

ಮೊದಲ ಪ್ರಶ್ನೆ: ಸದ್ದು ಯಾರದು?

ಡೀಸೆಲ್ ಗಾಡಿಯಲ್ಲಿ ಸದ್ದು ಮಾಡುವವರು ಹಲವರು: ಎಂಜಿನ್, ಸೈಲೆನ್ಸರ್, ಗೇರ್, ಬೆಲ್ಟ್, ಫ್ಯಾನ್, ಟೈರ್. ಯಾರ ಸದ್ದು ಎಂದು ತಿಳಿಯದೆ ಪಾನಾ ಹಿಡಿಯಬಾರದು ಎಂದು ನಮ್ಮ ಭೌತಶಾಸ್ತ್ರದ ಸರ್ ಹೇಳಿದರು. ಅದಕ್ಕೆ ಅವರು ತೋರಿಸಿದ ದಾರಿ ಆವೃತ್ತಿಯ ಲೆಕ್ಕ.

ನಮ್ಮ ಗಾಡಿಯ ಫ್ಯಾನಿಗೆ 7 ಬ್ಲೇಡ್. ಎಂಜಿನ್ನಿನ ಮುಂದೆ ಬೆಲ್ಟಿನಿಂದ ತಿರುಗುತ್ತದೆ. ಪುಲ್ಲಿಗಳು ಹೆಚ್ಚುಕಡಿಮೆ ಒಂದೇ ಅಳತೆಯವಾದ್ದರಿಂದ ಎಂಜಿನ್ ಎಷ್ಟು ಸುತ್ತಿದರೆ ಫ್ಯಾನ್ ಪುಲ್ಲಿಯೂ ಅಷ್ಟೇ ಸುತ್ತುತ್ತದೆ. ಎಂಜಿನ್ ನಿಮಿಷಕ್ಕೆ 2400 ಸುತ್ತಿದರೆ ಸೆಕೆಂಡಿಗೆ 40 ಸುತ್ತು. ಪ್ರತಿ ಸುತ್ತಿಗೆ 7 ಬ್ಲೇಡ್ ಒಂದು ಜಾಗವನ್ನು ದಾಟುತ್ತವೆ. 40ನ್ನು 7ರಿಂದ ಗುಣಿಸಿದರೆ 280. ಅಂದರೆ ಫ್ಯಾನಿನ ಮುಖ್ಯ ಸ್ವರ 280 ಹರ್ಟ್ಜ್ ಆಗಬೇಕು.

ಇನ್ನು ಎಂಜಿನ್. ನಾಲ್ಕು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟ. ಸೆಕೆಂಡಿಗೆ 40 ಸುತ್ತಿಗೆ 80 ಸ್ಫೋಟ, ಅಂದರೆ 80 ಹರ್ಟ್ಜ್.

ಮೊಬೈಲಿನಲ್ಲಿ ಆವೃತ್ತಿ ತೋರಿಸುವ ಒಂದು ಆ್ಯಪ್ ಹಾಕಿಕೊಂಡು ಗಾಡಿಯ ಪಕ್ಕ ನಿಂತೆ. ಅಬ್ಬಾ 2400 ಸುತ್ತಿನಲ್ಲಿ ಎಂಜಿನ್ ಹಿಡಿದರು. ಗ್ರಾಫಿನಲ್ಲಿ 280ರ ಹತ್ತಿರ ಗೂಟ ನೆಟ್ಟ ಹಾಗೆ ಒಂದು ಗೆರೆ ಎದ್ದು ನಿಂತಿತು. ಎಂಜಿನ್ನಿನ 80ರ ಗೆರೆ ಅದರ ಮುಂದೆ ಗಿಡ್ಡ. ಕಳ್ಳ ಸಿಕ್ಕಿದ್ದ. ಕೂಗುತ್ತಿದ್ದದ್ದು ಫ್ಯಾನೇ.

ಆದರೆ ಫ್ಯಾನ್ ಕೂಗುವುದು ಏಕೆ? ಅದನ್ನು ತಿಳಿಯಲು ಫ್ಯಾನ್ ಅಲ್ಲಿ ಏಕಿದೆ ಎಂದು ಮೊದಲು ತಿಳಿಯಬೇಕು.

ಫ್ಯಾನಿನ ಕೆಲಸ

ಎಂಜಿನ್ನಿಗೆ ಹಾಕಿದ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಗಾಲಿಗೆ ಹೋಗುತ್ತದೆ. ಇನ್ನೊಂದು ದೊಡ್ಡ ಪಾಲು ಸೈಲೆನ್ಸರಿನಿಂದ ಹೊಗೆಯ ಜೊತೆ ಹೊರಬೀಳುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಎಂಜಿನ್ನಿನ ಒಳಗೆ ಹರಿಯುವ ಕೂಲಂಟ್ ನೀರಿಗೆ ಸೇರುತ್ತದೆ. ಆ ಬಿಸಿಯನ್ನು ಮುಂದಿನ ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಬಿಡದಿದ್ದರೆ ನೀರು ಕುದಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಎಂಜಿನ್ ಹಿಡಿದುಕೊಳ್ಳುತ್ತದೆ.

ಎಷ್ಟು ಗಾಳಿ ಬೇಕು? ಭರ್ತಿ ಲೋಡಿನಲ್ಲಿ ಏರು ಹತ್ತುವಾಗ ನೀರಿಗೆ 20 ಕಿಲೋವ್ಯಾಟ್ ಶಾಖ ಸೇರುತ್ತದೆ ಎಂದು ಇಟ್ಟುಕೊಳ್ಳೋಣ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.2 ಕಿಲೋಜೂಲ್ ಬೇಕು. ಗಾಳಿ ರೇಡಿಯೇಟರ್ ದಾಟುವಾಗ 30 ಡಿಗ್ರಿ ಬಿಸಿಯಾದರೆ, 20ನ್ನು 36ರಿಂದ ಭಾಗಿಸಿದಾಗ ಬರುವುದು ಸುಮಾರು 0.56. ಅಂದರೆ ಪ್ರತಿ ಸೆಕೆಂಡಿಗೆ 560 ಲೀಟರ್ ಗಾಳಿ! ನಮ್ಮ ಮನೆಯ ದೊಡ್ಡ ನೀರಿನ ಡ್ರಮ್ 200 ಲೀಟರಿನದು. ಅಂಥ ಸುಮಾರು ಮೂರು ಡ್ರಮ್ ಗಾಳಿ ಸೆಕೆಂಡಿಗೊಮ್ಮೆ ಆ ಜಾಳಿಗೆಯಲ್ಲಿ ತೂರಬೇಕು.

ಈ ಗಾಳಿ ಎರಡು ಕಡೆಯಿಂದ ಬರುತ್ತದೆ. ಒಂದು, ಗಾಡಿ ಓಡುವಾಗ ಎದುರಿನಿಂದ ನುಗ್ಗುವ ಗಾಳಿ. ಇದು ಪುಕ್ಕಟೆ. ಇನ್ನೊಂದು, ಫ್ಯಾನ್ ಎಳೆಯುವ ಗಾಳಿ. ಇದಕ್ಕೆ ಡೀಸೆಲ್ ಬೇಕು, ಸದ್ದೂ ಬರುತ್ತದೆ.

ನಾಲ್ಕು ಊರಿನ ದಾರಿ, ಫ್ಯಾನಿನ ನಾಲ್ಕು ಅವತಾರ

ಅಬ್ಬಾ ಓಡಾಡುವ ದಾರಿಗಳನ್ನೇ ನೋಡಿ.

ಕಿತ್ತೂರಿನ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿ ಹಿಡಿದರೆ ಗಾಡಿ 60ರ ಮೇಲೆ ಒಂದೇ ಸಮನೆ ಓಡುತ್ತದೆ. ಎದುರುಗಾಳಿಯೇ ಸಾಕು. ಫ್ಯಾನ್ ಅಲ್ಲಿ ವಿಶ್ರಾಂತಿಯಲ್ಲಿರಬೇಕು.

ಬೈಲಹೊಂಗಲದ ಪೇಟೆಯಲ್ಲಿ ಗಾಡಿ ಇಂಚಿಂಚು ಸರಿಯುತ್ತದೆ. ಎದುರುಗಾಳಿ ಇಲ್ಲ, ಆದರೆ ಎಂಜಿನ್ನಿಗೂ ಶ್ರಮವಿಲ್ಲ. ಫ್ಯಾನ್ ಅಷ್ಟಿಷ್ಟು ತಿರುಗಿದರೆ ಸಾಕು.

ಸವದತ್ತಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಕಿರಾಣಿ ಸಾಮಾನು ಹೇರಿಕೊಂಡು ಏರುವಾಗ ಗಾಡಿ ಎರಡನೇ ಗೇರಿನಲ್ಲಿರುತ್ತದೆ. ವೇಗ ಕಡಿಮೆ, ಶ್ರಮ ಜಾಸ್ತಿ. ಇಲ್ಲಿ ಫ್ಯಾನ್ ಪೂರ್ತಿ ದುಡಿಯಲೇಬೇಕು. ಆಗ ಸದ್ದು ಬಂದರೆ ಅದು ನ್ಯಾಯವಾದ ಸದ್ದು.

ರಾಮದುರ್ಗಕ್ಕೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೋಗುವಾಗ ಹೊರಗಿನ ಗಾಳಿಯೇ 40 ಡಿಗ್ರಿ. ಕೂಲಂಟ್ 90 ಡಿಗ್ರಿ ಇದ್ದರೆ ನಡುವಿನ ಅಂತರ 50. ಅದೇ ಜನವರಿಯ ಬೆಳಗಿನಲ್ಲಿ ಗಾಳಿ 15 ಡಿಗ್ರಿ ಇದ್ದಾಗ ಅಂತರ 75. ಶಾಖ ಹರಿಯುವುದು ಈ ಅಂತರದ ಮೇಲೆ. ಸರಳ ಲೆಕ್ಕದಲ್ಲಿ, ಅಷ್ಟೇ ಶಾಖ ಹೊರಹಾಕಲು ಏಪ್ರಿಲ್‌ನಲ್ಲಿ ಜನವರಿಗಿಂತ ಒಂದೂವರೆ ಪಟ್ಟು ಗಾಳಿ ಬೇಕು.

ಹೀಗೆ ಒಂದೇ ಗಾಡಿಗೆ ಒಂದೊಂದು ದಾರಿಯಲ್ಲಿ ಒಂದೊಂದು ಪ್ರಮಾಣದ ಗಾಳಿ ಬೇಕು. ನಮ್ಮ ಗಾಡಿಯ ಫ್ಯಾನ್ ಮಾತ್ರ ಎಲ್ಲ ದಾರಿಯಲ್ಲೂ, ಜನವರಿಯಲ್ಲೂ, ನಸುಕಿನ ನಾಲ್ಕೂವರೆಗೂ, ಗುಡ್ಡ ಏರುವ ಹಾಗೆಯೇ ತಿರುಗುತ್ತಿತ್ತು. ರೋಗದ ಸುಳಿವು ಅಲ್ಲೇ ಇತ್ತು.

ವೇಗ ಸ್ವಲ್ಪ, ಸದ್ದು ಬಹಳ

ಫ್ಯಾನಿನ ಬಗ್ಗೆ ಮೂರು ನಿಯಮಗಳಿವೆ. ಸುತ್ತುವ ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟು, ಒತ್ತಡ ನಾಲ್ಕು ಪಟ್ಟು, ಅದಕ್ಕೆ ಬೇಕಾಗುವ ಶಕ್ತಿ ಎಂಟು ಪಟ್ಟು. ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಸದ್ದಿನ ಶಕ್ತಿ ಇನ್ನೂ ಕಡಿದಾಗಿ, ಸುಮಾರಾಗಿ ವೇಗದ ಐದನೇ ಘಾತದಂತೆ ಏರುತ್ತದೆ. ಡೆಸಿಬೆಲ್ಲಿನಲ್ಲಿ ಹೇಳಬೇಕೆಂದರೆ, ವೇಗ ಎರಡು ಪಟ್ಟಾದರೆ ಸುಮಾರು 15 ಡೆಸಿಬೆಲ್ ಹೆಚ್ಚು. ಒಂದೂವರೆ ಪಟ್ಟಾದರೆ ಸುಮಾರು 9.

ಇದನ್ನು ತಿರುಗಿಸಿ ಓದಿದರೆ ಸಂತೋಷದ ಸುದ್ದಿ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದರ ಸದ್ದು 15 ಡೆಸಿಬೆಲ್ ಇಳಿಯುತ್ತದೆ, ಅದು ತಿನ್ನುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಫ್ಯಾನಿನ ಸದ್ದು ಇಳಿಸುವ ದೊಡ್ಡ ದಾರಿ ಒಂದೇ: ಬೇಡದಾಗ ಅದನ್ನು ನಿಧಾನ ತಿರುಗಿಸುವುದು. ಅದಕ್ಕಾಗಿಯೇ ಗಾಡಿ ತಯಾರಿಸುವವರು ಒಂದು ಚೆಂದದ ಉಪಾಯ ಮಾಡಿದ್ದಾರೆ.

ಎಣ್ಣೆಯ ಕ್ಲಚ್

ಫ್ಯಾನಿನ ನಡುವೆ ರೊಟ್ಟಿಯಷ್ಟಗಲದ, ಮೇಲೆ ಏಣುಗಳಿರುವ ಅಲ್ಯೂಮಿನಿಯಂ ಡಬ್ಬಿಯೊಂದು ಇರುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ವಿಸ್ಕಸ್ ಕ್ಲಚ್ ಎನ್ನುತ್ತಾರೆ. ಪುಲ್ಲಿಗೆ ಸೇರಿದ ಒಂದು ತಟ್ಟೆ, ಫ್ಯಾನಿಗೆ ಸೇರಿದ ಡಬ್ಬಿ, ಇವೆರಡರ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಗಟ್ಟಿ ಸಿಲಿಕೋನ್ ಎಣ್ಣೆ ತುಂಬಿದರೆ ತಟ್ಟೆ ಡಬ್ಬಿಯನ್ನು ಎಳೆದುಕೊಂಡು ತಿರುಗಿಸುತ್ತದೆ. ಎಣ್ಣೆ ಇಲ್ಲದಿದ್ದರೆ ಫ್ಯಾನ್ ಜಾರಿ ಹಿಂದೆ ಉಳಿಯುತ್ತದೆ. ನಾವು ಪಠ್ಯದಲ್ಲಿ ಓದುವ ಸ್ನಿಗ್ಧತೆ ಎಂದರೆ ಇದೇ. ಜೋನಿ ಬೆಲ್ಲದ ಡಬ್ಬಿಯಲ್ಲಿ ಚಮಚ ತಿರುಗಿಸಿದರೆ ಡಬ್ಬಿಯೂ ತಿರುಗಲು ನೋಡುತ್ತದಲ್ಲ, ಹಾಗೆ.

ಎಣ್ಣೆಯನ್ನು ಒಳಗೆ ಬಿಡುವವರು ಯಾರು? ಡಬ್ಬಿಯ ಮುಂದೆ, ರೇಡಿಯೇಟರಿಗೆ ಎದುರಾಗಿ ಒಂದು ಸುರುಳಿ ಪಟ್ಟಿ ಇದೆ. ಅದು ದ್ವಿಲೋಹ ಪಟ್ಟಿ. ಎರಡು ಲೋಹಗಳು ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ ಎಂದು ಹೈಸ್ಕೂಲಿನಲ್ಲೇ ಓದಿದ್ದೆವು. ರೇಡಿಯೇಟರ್ ದಾಟಿ ಬಂದ ಗಾಳಿ ಬಿಸಿಯಾದರೆ ಸುರುಳಿ ತಿರುಚಿ ಒಂದು ಸಣ್ಣ ಬಾಗಿಲು ತೆರೆಯುತ್ತದೆ, ಎಣ್ಣೆ ಸಂದಿಗೆ ಇಳಿಯುತ್ತದೆ, ಫ್ಯಾನ್ ವೇಗ ಹಿಡಿಯುತ್ತದೆ. ಗಾಳಿ ತಣ್ಣಗಾದರೆ ಬಾಗಿಲು ಮುಚ್ಚಿ ಎಣ್ಣೆ ಹಿಂದಿನ ಕೋಣೆಗೆ ಮರಳುತ್ತದೆ, ಫ್ಯಾನ್ ಪುಲ್ಲಿಯ ವೇಗದ ಕಾಲು ಭಾಗ, ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ಬಿಸಿಯೇ ಸ್ವಿಚ್ಚು.

ಹಾಗಾದರೆ ನಮ್ಮ ಗಾಡಿಯ ಫ್ಯಾನ್ ಏಕೆ ಇಳಿಯುತ್ತಿರಲಿಲ್ಲ?

ನಿಜವಾದ ರೋಗ

ಭಾನುವಾರ ನಮಗೆ ಪರಿಚಯದ ಹಿರಿಯ ಮಿಸ್ತ್ರಿ ಒಬ್ಬರು ಮನೆಗೆ ಬಂದರು. ಗಾಡಿ ತಣ್ಣಗಿತ್ತು, ಕೀಲಿ ಅಬ್ಬಾನ ಜೇಬಿನಲ್ಲಿತ್ತು. ಮಿಸ್ತ್ರಿ ಕಾಕಾ ಫ್ಯಾನನ್ನು ಕೈಯಿಂದ ತಿರುಗಿಸಲು ನೋಡಿದರು. ಅದು ಅಲುಗಲಿಲ್ಲ. ಬೆಲ್ಟಿನ ಜೊತೆಗೇ ಗಟ್ಟಿಯಾಗಿ ಕೂತಿತ್ತು. ಬ್ಯಾಟರಿ ಬಿಟ್ಟು ನೋಡಿದರು. ಕ್ಲಚ್ಚಿನ ಡಬ್ಬಿಗೆ ತೂತು ಕೊರೆದು ಎರಡು ಬೋಲ್ಟ್ ಬಿಗಿದಿದ್ದರು!

"ಇದನ್ನ ಯಾರ ಮಾಡ್ಯಾರ ಸಾಹೇಬ್ರ?"

ಆಗ ಅಬ್ಬಾನಿಗೆ ನೆನಪಾಯಿತು. ಹಿಂದಿನ ವರ್ಷದ ಬೇಸಿಗೆಯಲ್ಲಿ ಲೋಡ್ ತುಂಬಿ ರಾಮದುರ್ಗಕ್ಕೆ ಹೋಗುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತ್ತು. ದಾರಿಯ ಬದಿಯ ಒಂದು ಗ್ಯಾರೇಜಿನಲ್ಲಿ ಏನೋ ಬಿಗಿದುಕೊಟ್ಟಿದ್ದರು. ಮುಳ್ಳು ಇಳಿಯಿತು, ಅಬ್ಬಾ ಮನೆ ಮುಟ್ಟಿದರು, ದುವಾ ಮಾಡಿದರು, ಮರೆತರು. ಸದ್ದು ಶುರುವಾದದ್ದು ಆವತ್ತಿನಿಂದ. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯತೊಡಗಿದ್ದೂ ಆವತ್ತಿನಿಂದ. ಎರಡನ್ನೂ ಯಾರೂ ಜೋಡಿಸಿ ನೋಡಿರಲಿಲ್ಲ.

ನಾನು ಕೇಳಿದೆ, "ಕಾಕಾ, ಆವತ್ತು ಗಾಡಿ ಯಾಕೆ ಕಾಯ್ತು?"

ಕಾಕಾ ನಕ್ಕು, "ಅದನ್ನ ನೋಡವಾ, ಅಸಲ ರೋಗ ಅದ" ಎಂದು ಮುಂದಿನ ಜಾಳಿಗೆ ಬಿಚ್ಚಿದರು. ನಮ್ಮ ಗಾಡಿಯಲ್ಲಿ ರೇಡಿಯೇಟರಿನ ಮುಂದೆ ಇಂಟರ್‌ಕೂಲರ್ ಎಂಬ ಇನ್ನೊಂದು ಜಾಳಿಗೆ ಇದೆ. ಎರಡರ ನಡುವೆ ನಾಲ್ಕು ಬೆರಳ ಸಂದು. ಆ ಸಂದಿನಲ್ಲಿ ಗಾದಿ ಹಾಸಿದ ಹಾಗೆ ಕೂತಿತ್ತು: ಹತ್ತಿಯ ಎಳೆ, ಮೆಕ್ಕೆಜೋಳದ ಸಿಪ್ಪೆ, ಒಣ ಹುಲ್ಲು, ಸತ್ತ ಹುಳ, ಎಲ್ಲದರ ಮೇಲೆ ಎರಿ ಮಣ್ಣಿನ ಧೂಳು. ಸುಗ್ಗಿಯಲ್ಲಿ ಅಬ್ಬಾ ಜಿನ್ನಿಂಗ್ ಫ್ಯಾಕ್ಟರಿಗಳಿಗೆ ಹತ್ತಿ ಹೊಡೆಯುತ್ತಾರೆ. ವರ್ಷಗಟ್ಟಲೆ ಗಾಡಿ ಆ ಎಳೆಯನ್ನು ಉಸಿರಾಡಿತ್ತು. ಹಿಂದಿನಿಂದ ಬ್ಯಾಟರಿ ಬಿಟ್ಟರೆ ಮುಂದೆ ಬೆಳಕು ಅರ್ಧಕ್ಕರ್ಧ ಕಾಣಲಿಲ್ಲ. ಬೆಳಕು ತೂರದ ಕಡೆ ಗಾಳಿ ಹೇಗೆ ತೂರೀತು?

ಎಲ್ಲ ಕೊಂಡಿ ಈಗ ಕೂಡಿತು. ಜಾಳಿಗೆ ಕಟ್ಟಿತು, ಆದ್ದರಿಂದ ಗಾಡಿ ಕಾಯಿತು. ಗಾಡಿ ಕಾಯಿತೆಂದು ಫ್ಯಾನನ್ನು ಬೋಲ್ಟ್ ಹಾಕಿ ಬಿಗಿದರು. ಬಿಗಿದ ಫ್ಯಾನ್ ಕಟ್ಟಿದ ಜಾಳಿಗೆಯಿಂದ ಗಾಳಿ ಎಳೆಯಲು ಒದ್ದಾಡಿ ಮತ್ತಷ್ಟು ಕೂಗಿತು. ಸದ್ದಿದೆ ಎಂದು ಈಗ ಫ್ಯಾನನ್ನೇ ತೆಗೆಯಲು ಹೊರಟಿದ್ದೆವು. ತೆಗೆದಿದ್ದರೆ ಯಲ್ಲಮ್ಮನ ಗುಡ್ಡದ ಮೊದಲ ಏರಿನಲ್ಲೇ ಎಂಜಿನ್ ಹೋಗುತ್ತಿತ್ತು. ನಮ್ಮ ಮನೆ ನಡೆಯುವುದೇ ಆ ಎಂಜಿನ್ನಿನ ಮೇಲೆ.

ಮಾಡಬಾರದ ಕೆಲಸಗಳು

ಬ್ಲೇಡ್ ಕತ್ತರಿಸಬಾರದು. 50 ಗ್ರಾಂ ತೂಕದ ಒಂದು ತುಂಡು ಹೋಯಿತು ಎಂದುಕೊಳ್ಳಿ. ನಡುವಿನಿಂದ 20 ಸೆಂಟಿಮೀಟರ್ ದೂರ, ನಿಮಿಷಕ್ಕೆ 3000 ಸುತ್ತು. ಕೇಂದ್ರಾಪಗಾಮಿ ಬಲದ ಸೂತ್ರಕ್ಕೆ ಹಾಕಿದರೆ ಸುಮಾರು 990 ನ್ಯೂಟನ್. ಅಂದರೆ ಒಂದು ಕ್ವಿಂಟಲ್ ಚೀಲದ ಭಾರ ಸೆಕೆಂಡಿಗೆ 50 ಸಲ ಬೇರಿಂಗನ್ನು ಸುತ್ತಲೂ ಎಳೆದ ಹಾಗೆ. ಬೇರಿಂಗ್ ಹೋಗುತ್ತದೆ. ಆ ವೇಗದಲ್ಲಿ ಬ್ಲೇಡಿನ ತುದಿ ಗಂಟೆಗೆ 226 ಕಿ.ಮೀ. ಓಡುತ್ತಿರುತ್ತದೆ, ಮುರಿದು ಹಾರಿದರೆ ಬಾನೆಟ್ಟನ್ನೂ ಸೀಳೀತು. ಎದುರುಬದುರಿನ ಎರಡನ್ನು ಕತ್ತರಿಸಿ ತೂಕ ಸರಿಮಾಡಬಹುದಲ್ಲ ಎನ್ನಬಹುದು. ಬ್ಲೇಡುಗಳು 7 ಇದ್ದರೆ ಎದುರುಬದುರು ಎಂಬುದೇ ಇಲ್ಲ. ಮೇಲಾಗಿ ಹಲವು ಫ್ಯಾನುಗಳಲ್ಲಿ ಬ್ಲೇಡುಗಳ ನಡುವಿನ ಅಂತರವನ್ನು ಬೇಕೆಂದೇ ಹೆಚ್ಚುಕಡಿಮೆ ಇಟ್ಟಿರುತ್ತಾರೆ. ಸಮ ಅಂತರವಿದ್ದರೆ ಒಂದೇ ಸ್ವರದ ಚುಚ್ಚುವ ಸದ್ದು ಬರುತ್ತದೆ. ಅಂತರ ಬದಲಿಸಿದರೆ ಅದು ಹಲವು ಸ್ವರಗಳಿಗೆ ಹಂಚಿಹೋಗಿ ಕಿವಿಗೆ ಮೆತ್ತಗಾಗುತ್ತದೆ.

ಫ್ಯಾನ್ ತೆಗೆದು ಸಣ್ಣ ಕರೆಂಟ್ ಫ್ಯಾನ್ ಹಾಕುವುದೂ ಲೋಡ್ ಗಾಡಿಗೆ ಸುಲಭವಲ್ಲ. ಏರಿನಲ್ಲಿ ದೊಡ್ಡ ಫ್ಯಾನ್ 2 ಕಿಲೋವ್ಯಾಟ್ ಎಳೆಯುತ್ತದೆ ಎಂದರೆ, 12 ವೋಲ್ಟಿನಲ್ಲಿ ಅದಕ್ಕೆ 160 ಆಂಪಿಯರಿಗಿಂತ ಹೆಚ್ಚು ಬೇಕು. ನಮ್ಮ ಗಾಡಿಯ ಆಲ್ಟರ್ನೇಟರಿಗೆ ಅಷ್ಟು ಶಕ್ತಿ ಇಲ್ಲ.

ಥರ್ಮೋಸ್ಟಾಟ್ ತೆಗೆಯಬಾರದು. ಅದನ್ನು ತೆಗೆದರೆ ಎಂಜಿನ್ ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುತ್ತದೆ, ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ಸವಕಳಿ ಬೇಗ.

ಮಾಡಬೇಕಾದ ಕೆಲಸಗಳು

ಇವನ್ನು ಎಂಜಿನ್ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ, ಕೀಲಿ ತೆಗೆದು, ದೊಡ್ಡವರು ಜೊತೆಗಿದ್ದಾಗಲೇ ನೋಡಬೇಕು. ದುಪಟ್ಟಾ, ಟವೆಲ್, ಸಡಿಲ ತೋಳು ಫ್ಯಾನಿನ ಹತ್ತಿರ ಸುಳಿಯಬಾರದು. ಬಿಸಿ ಗಾಡಿಯ ರೇಡಿಯೇಟರ್ ಮುಚ್ಚಳ ಎಂದೂ ತೆರೆಯಬಾರದು. ಒಳಗಿನ ನೀರು ಒತ್ತಡದಲ್ಲಿ ನೂರು ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಉಗಿಯಾಗಿ ಮುಖಕ್ಕೆ ಹಾರುತ್ತದೆ.

1. ಫ್ಯಾನನ್ನು ಕೈಯಿಂದ ತಿರುಗಿಸಿ. ಸ್ವಲ್ಪ ತಡೆಯುತ್ತಾ ತಿರುಗಿ ನಿಂತರೆ ಸರಿ. ಗಿರಗಿರ ಹಲವು ಸುತ್ತು ತಿರುಗಿದರೆ ಕ್ಲಚ್ಚಿನ ಎಣ್ಣೆ ಸೋರಿರಬಹುದು. ಆಗ ಗಾಡಿ ಏರಿನಲ್ಲಿ ಕಾಯುತ್ತದೆ. ಅಲುಗದಿದ್ದರೆ ಕ್ಲಚ್ ಹಿಡಿದುಕೊಂಡಿದೆ; ಆಗ ಸದಾ ಕೂಗುತ್ತದೆ.

2. ಬ್ಲೇಡಿನ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಲಟಲಟ ಎಂದರೆ ಬೇರಿಂಗ್ ಸವೆದಿದೆ. ಬಿರುಕು ಇದೆಯೇ ನೋಡಿ.

3. ಕ್ಲಚ್ಚಿನ ಸುರುಳಿ ಪಟ್ಟಿಯ ಮೇಲೆ ಎರಿ ಮಣ್ಣು ಗಟ್ಟಿ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಅದಕ್ಕೆ ಬಿಸಿ ತಟ್ಟುವುದು ತಡವಾಗುತ್ತದೆ. ಮೆತ್ತನೆ ಬ್ರಷ್ಷಿನಿಂದ ತೆಗೆಯಬೇಕು.

4. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವರ್ ಇದೆಯೇ, ಒಡೆದಿದೆಯೇ ನೋಡಿ. ಅದನ್ನು ಅಡ್ಡವೆಂದು ಬಿಸಾಡುವವರು ಬಹಳ. ಆ ಕವರ್ ಇಲ್ಲದಿದ್ದರೆ ಬ್ಲೇಡಿನ ತುದಿಯಿಂದ ಗಾಳಿ ಹಿಂದಕ್ಕೆ ನುಣುಚಿ ಸುಳಿ ಏಳುತ್ತದೆ. ಗಾಳಿ ಕಡಿಮೆ, ಸದ್ದು ಜಾಸ್ತಿ.

5. ಹಿಂದಿನಿಂದ ಬ್ಯಾಟರಿ ಬಿಟ್ಟು ಜಾಳಿಗೆಯಲ್ಲಿ ಬೆಳಕು ತೂರುತ್ತದೆಯೇ ನೋಡಿ. ಕಟ್ಟಿದ್ದರೆ ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಮುಂದಿನಿಂದ ಜೋರು ನೀರು ಹೊಡೆದರೆ ಕಸ ಒಳಗೇ ಸೇರುತ್ತದೆ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

6. ಕೂಲಂಟ್ ಮಟ್ಟ ನೋಡಿ. ಬರೀ ಬೋರಿನ ಗಡಸು ನೀರು ಹಾಕುತ್ತಾ ಹೋದರೆ ಒಳಗಿನ ಕೊಳವೆಯಲ್ಲಿ ಚಹಾ ಕೆಟಲಿನ ತಳದಂತೆ ಸುಣ್ಣ ಕಟ್ಟುತ್ತದೆ.

7. ಬೆಲ್ಟಿನ 'ಕೀಂಯ್' ಸದ್ದೇ ಬೇರೆ, ಫ್ಯಾನಿನ 'ಹೂಂ' ಬೇರೆ. ಎರಡನ್ನೂ ಒಂದೆಂದು ತಿಳಿಯಬೇಡಿ.

ಒಂದು ವಿಷಯಕ್ಕೆ ಗಾಬರಿ ಬೇಡ. ರಾತ್ರಿ ನಿಂತ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಒಂದೆರಡು ನಿಮಿಷ ಫ್ಯಾನ್ ಜೋರಾಗಿ ಕೂಗಿ ಆಮೇಲೆ ಸುಮ್ಮನಾಗುವುದು ರೋಗವಲ್ಲ. ನಿಂತಾಗ ಸಂದಿಗೆ ಇಳಿದ ಎಣ್ಣೆ ಮತ್ತೆ ತನ್ನ ಕೋಣೆಗೆ ಹೋಗಲು ಅಷ್ಟು ಹೊತ್ತು ಬೇಕು.

ಆಮೇಲೆ ಏನಾಯಿತು?

ರೇಡಿಯೇಟರ್, ಇಂಟರ್‌ಕೂಲರ್ ಎರಡನ್ನೂ ಬಿಚ್ಚಿ ತೊಳೆದರು. ಬೋಲ್ಟ್ ಹಾಕಿದ ಕ್ಲಚ್ ಕೆಟ್ಟಿತ್ತು, ಹೊಸದು ಹಾಕಿಸಿದೆವು. ಒಂದು ವಾರದ ಬಾಡಿಗೆ ದುಡ್ಡು ಅದಕ್ಕೇ ಹೋಯಿತು. ಒಡೆದ ಕವರನ್ನೂ ಬದಲಿಸಿದೆವು.

ಸೋಮವಾರ ಮತ್ತೆ ಮೊಬೈಲ್ ಹಿಡಿದು ನಿಂತೆ. ಅಬ್ಬಾ 2400 ಸುತ್ತಿಗೆ ಏರಿಸಿದರು. 280ರ ಗೂಟ ಇರಲಿಲ್ಲ! ಎಂಜಿನ್ನಿನ 80ರ ಗೆರೆಯೇ ಈಗ ಎತ್ತರ. ಸದ್ದು ಪೂರ್ತಿ ಹೋಯಿತು ಎಂದಲ್ಲ. ಡೀಸೆಲ್ ಎಂಜಿನ್ ಡೀಸೆಲ್ ಎಂಜಿನ್ನೇ. ಆದರೆ ಕಿವಿಗೆ ಚುಚ್ಚುವ ಆ ಹೂಂಕಾರ ಹೋಗಿತ್ತು. ಯಲ್ಲಮ್ಮನ ಗುಡ್ಡ ಏರುವಾಗ ಫ್ಯಾನ್ ಈಗಲೂ ಕೂಗುತ್ತದೆ, ಮೇಲೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. "ಈಗ ಅದಕ್ಕ ಬುದ್ಧಿ ಬಂತು" ಎನ್ನುತ್ತಾರೆ ಅಬ್ಬಾ.

ಕಿವಿಯ ವಿಷಯ ಹಗುರವಲ್ಲ. ಅಮೆರಿಕದ ಉದ್ಯೋಗ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ ದಿನಕ್ಕೆ 8 ತಾಸಿಗೆ 85 ಡೆಸಿಬೆಲ್. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದರೆ ಸಹಿಸಬಹುದಾದ ಹೊತ್ತು ಅರ್ಧವಾಗುತ್ತದೆ: 88ಕ್ಕೆ 4 ತಾಸು, 91ಕ್ಕೆ 2 ತಾಸು. ಸದ್ದಿನಿಂದ ಸತ್ತ ಒಳಗಿವಿಯ ಕೂದಲು ಕೋಶಗಳು ಮತ್ತೆ ಹುಟ್ಟುವುದಿಲ್ಲ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎನ್ನುತ್ತವೆ. ಅಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ನಮ್ಮ ಗಾಡಿ ಹೊರಡುವ ನಾಲ್ಕೂವರೆಯೂ ಅದರಲ್ಲೇ ಬರುತ್ತದೆ. ಪಕ್ಕದ ಮನೆಯ ಕಾಕಾ ನಿಯಮದ ಮಾತು ಎತ್ತಲಿಲ್ಲ. ಆದರೆ ನೆರೆಯವರ ನಿದ್ದೆಯ ಹಕ್ಕು ನಮಗೆ ಗೊತ್ತಿರಬೇಕಲ್ಲವೇ?

ಅಬ್ಬಾನ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆವು. ಸ್ವಲ್ಪ ಕೇಳುವಿಕೆ ಕಡಿಮೆಯಾಗಿದೆ, ಇನ್ನು ಮುಂದೆ ಕಾಪಾಡಿಕೊಳ್ಳಿ ಎಂದರು. ಒಂದು ವರ್ಷ ಮೊದಲೇ ಬಾನೆಟ್ ತೆರೆದು ನೋಡಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ. ಆ ವರ್ಷವೆಲ್ಲ ನಾನು ತರಗತಿಯಲ್ಲಿ ಶಬ್ದ, ಶಾಖ, ಸ್ನಿಗ್ಧತೆ ಓದುತ್ತಲೇ ಇದ್ದೆ. ಪರೀಕ್ಷೆಯಲ್ಲಿ ಬರೆದೆ, ಅಂಕವೂ ಬಂತು. ಮನೆಯ ಬಾಗಿಲಲ್ಲಿ ನಿಂತ ಗಾಡಿಗೂ ಆ ಪಾಠಕ್ಕೂ ಸಂಬಂಧ ಇದೆ ಎಂದು ಹೊಳೆಯಲಿಲ್ಲ.

ಆದ್ದರಿಂದ ಗೆಳೆಯ ಗೆಳತಿಯರೇ, ನಿಮ್ಮ ಮನೆಯ ಗಾಡಿ, ಟ್ರ್ಯಾಕ್ಟರ್, ಪಂಪ್‌ಸೆಟ್ ಹೊಸದಾಗಿ ಸದ್ದು ಮಾಡತೊಡಗಿದರೆ ಸದ್ದನ್ನು ಮುಚ್ಚಲು ಹೋಗುವ ಮೊದಲು, ಅದು ಯಾವತ್ತಿನಿಂದ ಶುರುವಾಯಿತು, ಆವತ್ತು ಏನು ರಿಪೇರಿ ಆಯಿತು ಎಂದು ಮನೆಯಲ್ಲಿ ಕೇಳಿ. ಈ ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಬ್ಯಾಟರಿ ಹಿಡಿದು ರೇಡಿಯೇಟರಿನಲ್ಲಿ ಬೆಳಕು ತೂರುತ್ತದೆಯೇ ನೋಡಿ. ಅದಕ್ಕೆ ಹತ್ತು ನಿಮಿಷ ಸಾಕು.

ಮೊನ್ನೆ ಪಕ್ಕದ ಮನೆಯ ಕಾಕಾ ಅಬ್ಬಾನನ್ನು ಕೇಳಿದರಂತೆ, "ಯಾಕೋ ತಮ್ಮಾ, ನಾಕ ದಿನಾ ಆತು, ಬೆಳಗಾವಿಗೆ ಹೋಗವಲ್ಲಿ?" ಅಬ್ಬಾ ಆ ನಾಲ್ಕೂ ದಿನ ಹೋಗಿಬಂದಿದ್ದರು.